ನಾಯಿಮರಿಗೆ ಹುಳದ ಔಷಧಿ: ಮೊದಲು ತೂಕ ನೋಡಿ

ಮಾನ್ಯ ಸಂಪಾದಕರೇ,

ಕಾರ್ತಿಕದಲ್ಲಿ ಬೆದೆಗೆ ಬಂದ ನಾಯಿಗಳೆಲ್ಲ ಈಗ ಮರಿ ಹಾಕಿವೆ. ನಾಯಿಯ ಗಬ್ಬ ಎರಡು ತಿಂಗಳು, ಸುಮಾರು 63 ದಿನ. ಹಾಗಾಗಿ ಸಂಕ್ರಾಂತಿ ಹೊತ್ತಿಗೆ ನಮ್ಮ ತಿಪಟೂರಿನ ಯಾವ ಬೀದಿಗೆ ಹೋದರೂ ಮರಿಗಳೇ. ಚರಂಡಿ ಕಲ್ಲಿನ ಕೆಳಗೆ, ಕೊಬ್ಬರಿ ಗೋದಾಮಿನ ಹಿಂದೆ, ತೋಟದ ಸೋಗೆ ರಾಶಿಯೊಳಗೆ ಕುಂಯ್‌ಗುಡುತ್ತಿರುತ್ತವೆ. ಮಕ್ಕಳು ಎತ್ತಿಕೊಂಡು ಮನೆಗೆ ತರುತ್ತಾರೆ. ಅಮ್ಮಂದಿರು ಮೊದಲು ಬೈಯುತ್ತಾರೆ, ಆಮೇಲೆ ಅವರೇ ಹಾಲು ಹಾಕುತ್ತಾರೆ. ನಾಲ್ಕು ದಿನ ಕಳೆದ ಮೇಲೆ ನಮ್ಮ ಅಂಗಡಿಗೆ ಬರುತ್ತಾರೆ: "ಅಕ್ಕಾ, ನಾಯಿಮರಿಗೆ ಹುಳದ ಔಷಧಿ ಕೊಡಿ."

ನಾನು ಇಲ್ಲಿ ದನ, ಕುರಿ, ನಾಯಿಗಳ ಔಷಧಿ ಅಂಗಡಿ ನಡೆಸುತ್ತೇನೆ. ಡಿ.ಫಾರ್ಮ ಓದಿದ್ದೇನೆ, ಡಾಕ್ಟರಲ್ಲ. ಯಾವ ಕಾಯಿಲೆ ಅಂತ ಹೇಳುವುದು ನನ್ನ ಕೆಲಸವೂ ಅಲ್ಲ. ಆದರೆ ಹುಳದ ಔಷಧಿ ಕೇಳಿ ಬಂದ ಎಲ್ಲರಿಗೂ ನಾನು ಮೊದಲು ಕೇಳುವುದು ಒಂದೇ ಮಾತು: "ಮರಿ ಎಷ್ಟು ಕೆ.ಜಿ. ಇದೆ?"

ಉತ್ತರ ಸಿಗುವುದು ಬಹಳ ಅಪರೂಪ. ಎರಡು ಕೈ ಅಗಲಿಸಿ "ಇಷ್ಟುದ್ದ ಇದೆ" ಅನ್ನುತ್ತಾರೆ. "ಒಂದು ತಿಂಗಳದ್ದು ಇರಬಹುದು" ಅನ್ನುತ್ತಾರೆ. "ಸುಮ್ನೆ ಒಂದು ಮಾತ್ರೆ ಕೊಡಿ ಅಕ್ಕ, ನಾಯಿಗೆ ಏನಾಗುತ್ತೆ" ಅನ್ನುವವರೂ ಇದ್ದಾರೆ. ಆಗುತ್ತದೆ. ಹುಳದ ಔಷಧಿಯ ಲೆಕ್ಕವೆಲ್ಲ ತೂಕದ ಮೇಲೆ. ಕಡಿಮೆಯಾದರೆ ಹುಳ ಸಾಯುವುದಿಲ್ಲ, ಜಾಸ್ತಿಯಾದರೆ ಕೆಲವು ಔಷಧಿಗಳಲ್ಲಿ ಮರಿಯೇ ಹೋಗುತ್ತದೆ. ಅದನ್ನು ಹೇಳುವುದಕ್ಕೇ ಈ ಪತ್ರ.

ಮೊದಲು, ಇಷ್ಟು ಚಿಕ್ಕ ಮರಿಗೆ ಹುಳ ಎಲ್ಲಿಂದ ಬರುತ್ತೆ ಅಂತ ಕೇಳುವವರಿಗೆ. ತಾಯಿಯಿಂದಲೇ ಬರುತ್ತದೆ. ದುಂಡುಹುಳುವಿನ ಮರಿಗಳು ತಾಯಿಯ ಮಾಂಸಖಂಡದಲ್ಲಿ ವರ್ಷಗಟ್ಟಲೆ ಸುಮ್ಮನೆ ಮಲಗಿರುತ್ತವೆ. ತಾಯಿ ಗಬ್ಬ ಆದಾಗ ಎಚ್ಚರಗೊಂಡು, ಮಾಸಿನ ಮೂಲಕ ಹೊಟ್ಟೆಯೊಳಗಿನ ಮರಿಗೆ ದಾಟುತ್ತವೆ. ಹುಟ್ಟಿದ ಮೇಲೆ ಹಾಲಿನಲ್ಲೂ ಬರುತ್ತವೆ. ಕೊಕ್ಕೆಹುಳುವೂ ಹಾಲಿನಲ್ಲಿ ಬರುತ್ತದೆ, ಸಾಲದ್ದಕ್ಕೆ ಒದ್ದೆ ಮಣ್ಣಿನಿಂದ ಚರ್ಮ ತೂರಿಕೊಂಡೂ ಬರುತ್ತದೆ. ಅಂದರೆ ಮನೆಯಲ್ಲೇ ಹುಟ್ಟಿದ, ನೆಲಕ್ಕೆ ಕಾಲಿಡದ, ಟವೆಲ್ಲಿನಲ್ಲಿ ಸುತ್ತಿ ಸಾಕಿದ ಮರಿಗೂ ಹುಳ ಇರುತ್ತದೆ. ತಾಯಿಯ ಮಲ ಪರೀಕ್ಷೆಯಲ್ಲಿ ಏನೂ ಕಾಣಿಸದೇ ಇದ್ದರೂ ಇರಬಹುದು.

ಆದ್ದರಿಂದಲೇ ಮೊದಲ ಔಷಧಿ ಹುಟ್ಟಿದ ಎರಡನೇ ವಾರಕ್ಕೆ. ಆಮೇಲೆ ನಾಲ್ಕನೇ ವಾರ, ಆರನೇ ವಾರ, ಎಂಟನೇ ವಾರ. ಅಲ್ಲಿಂದ ಆರು ತಿಂಗಳಾಗುವವರೆಗೆ ತಿಂಗಳಿಗೊಮ್ಮೆ. ದೊಡ್ಡ ನಾಯಿಗೆ ಸಾಮಾನ್ಯವಾಗಿ ಮೂರು ತಿಂಗಳಿಗೊಮ್ಮೆ. ಮರಿಗಳಿಗೆ ಕೊಡುವಾಗ ಹಾಲೂಡಿಸುವ ತಾಯಿಗೂ ಅದರ ತೂಕಕ್ಕೆ ತಕ್ಕ ಔಷಧಿ ಕೊಡಬೇಕು. ಇಲ್ಲದಿದ್ದರೆ ಒಂದು ಕಡೆ ಖಾಲಿ ಮಾಡುತ್ತಾ ಇನ್ನೊಂದು ಕಡೆ ತುಂಬಿದ ಹಾಗಾಗುತ್ತದೆ. ಗಬ್ಬದ ನಾಯಿಗೆ ಮಾತ್ರ ಡಾಕ್ಟರನ್ನು ಕೇಳದೆ ಯಾವುದನ್ನೂ ಹಾಕಬೇಡಿ.

"ಹೋದ ಸಲ ಕೊಟ್ಟಾಗ ರಾಶಿ ಹುಳ ಬಿತ್ತಲ್ಲ, ಮತ್ತೆ ಯಾಕೆ?" ಅಂತ ಕೇಳುತ್ತಾರೆ. ಒಳ್ಳೆಯ ಪ್ರಶ್ನೆ. ಔಷಧಿ ಸಾಯಿಸುವುದು ಮುಖ್ಯವಾಗಿ ಕರುಳಿನಲ್ಲಿರುವ ಹುಳಗಳನ್ನು. ಆ ಹೊತ್ತಿಗೆ ಪಿತ್ತಕೋಶದ ಪಕ್ಕದ ಈಲಿಯಲ್ಲೋ ಶ್ವಾಸಕೋಶದಲ್ಲೋ ಓಡಾಡುತ್ತಿರುವ ಎಳೆಯ ಹುಳಗಳು ತಪ್ಪಿಸಿಕೊಳ್ಳುತ್ತವೆ. ಅವು ಕೆಮ್ಮಿನ ಜೊತೆ ಗಂಟಲಿಗೆ ಬಂದು, ನುಂಗಿದಾಗ ಕರುಳು ಸೇರಿ, ಮುಂದಿನ ಎರಡು ವಾರದಲ್ಲಿ ಬೆಳೆದು ನಿಲ್ಲುತ್ತವೆ. ಎರಡು ವಾರದ ಅಂತರ ಇಟ್ಟಿರುವುದು ಅವುಗಳಿಗಾಗಿ. ಒಂದು ಸಲ ಕೊಟ್ಟು ಕೈಬಿಟ್ಟರೆ ಅರ್ಧ ಕೆಲಸ ಮಾಡಿದ ಹಾಗೆ.

ಇನ್ನು ತೂಕದ ವಿಚಾರ. ಎರಡು ವಾರದ ನಾಟಿ ಮರಿ ಒಂದು ಕೆ.ಜಿ.ಯೂ ತೂಗದೇ ಇರಬಹುದು. ಅದೇ ವಯಸ್ಸಿನ ದೊಡ್ಡ ಜಾತಿಯ ಮರಿ ಅದರ ಎರಡರಷ್ಟು ತೂಗೀತು. ವಯಸ್ಸು ನೋಡಿ ಔಷಧಿ ಹಾಕುವುದು ಅದಕ್ಕೇ ಸರಿಯಲ್ಲ. ಮನೆಯಲ್ಲಿ ಅಡುಗೆಗೆ ಇಟ್ಟುಕೊಂಡಿರುವ ಡಿಜಿಟಲ್ ತೂಕದ ಮಷಿನ್ ಇದ್ದರೆ ಒಂದು ಪಾತ್ರೆಗೆ ಬಟ್ಟೆ ಹಾಸಿ ಸೊನ್ನೆ ಮಾಡಿಕೊಂಡು ಮರಿಯನ್ನು ಕೂರಿಸಿ. ಅಲ್ಲಾಡುತ್ತಿದ್ದರೆ ಎರಡು ಮೂರು ಸಲ ನೋಡಿ. ದೊಡ್ಡ ನಾಯಿಯಾದರೆ ಅದನ್ನು ಎತ್ತಿಕೊಂಡು ನೀವು ತೂಗಿ, ಆಮೇಲೆ ನೀವೊಬ್ಬರೇ ತೂಗಿ, ಕಳೆಯಿರಿ. ನಮ್ಮೂರಿನಲ್ಲಿ ಕೊಬ್ಬರಿ ವ್ಯಾಪಾರಿಗಳ ಹತ್ತಿರ ತೂಕದ ಮಷಿನ್‌ಗೆ ಬರವಿಲ್ಲ. ಕೇಳಿದರೆ ಯಾರೂ ಇಲ್ಲ ಅನ್ನುವುದಿಲ್ಲ. ಮತ್ತೆ ಪ್ರತಿ ಸಲವೂ ತೂಗಬೇಕು. ಹದಿನೈದು ದಿನದಲ್ಲಿ ಮರಿಯ ತೂಕ ಎಷ್ಟೋ ಏರಿರುತ್ತದೆ. ಹೋದ ಸಲದ ಲೆಕ್ಕದಲ್ಲಿ ಹಾಕಿದರೆ ಕಡಿಮೆ ಬೀಳುತ್ತದೆ.

ತೂಕ ಗೊತ್ತಾದ ಮೇಲೆ ಬಾಟಲಿಯ ಮೇಲೆ ಬರೆದಿರುವುದನ್ನು ಓದಿ. ಚಿಕ್ಕ ಮರಿಗಳಿಗೆಂದೇ ಬರುವ ಪೈರಾಂಟೆಲ್, ಫೆಬಾಂಟೆಲ್ ಸೇರಿದ ಸಿರಪ್ ಸಾಮಾನ್ಯವಾಗಿ ಕೆ.ಜಿ.ಗೆ 1 ಮಿ.ಲೀ. ಲೆಕ್ಕ. ದೊಡ್ಡ ನಾಯಿಗಳಿಗೆ ಬರುವ ಪ್ರಾಜಿಕ್ವಾಂಟೆಲ್ 50 ಮಿ.ಗ್ರಾಂ, ಪೈರಾಂಟೆಲ್ ಪಾಮೋಯೇಟ್ 144 ಮಿ.ಗ್ರಾಂ, ಫೆಬಾಂಟೆಲ್ 150 ಮಿ.ಗ್ರಾಂ ಇರುವ ಮಾತ್ರೆ 10 ಕೆ.ಜಿ.ಗೆ ಒಂದು. ಆದರೆ ಎಲ್ಲ ಕಂಪನಿಯ ಬಾಟಲಿಯೂ ಒಂದೇ ಗಟ್ಟಿ ಇರುವುದಿಲ್ಲ. ಮನುಷ್ಯರ ಮಕ್ಕಳಿಗೆ ಬರುವ ಪೈರಾಂಟೆಲ್ ಸಿರಪ್ ಮರಿಗಳ ಸಿರಪ್ಪಿಗಿಂತ ಹಲವು ಪಟ್ಟು ಗಟ್ಟಿ. ಹೆಸರು ಒಂದೇ ಅಲ್ವಾ ಅಂತ ಅದೇ ಮಿ.ಲೀ. ಲೆಕ್ಕ ಹಿಡಿಯಬಾರದು. ಎರಡು ಬೇರೆ ಬೇರೆ ಔಷಧಿ ಒಟ್ಟಿಗೆ ಹಾಕುವುದೂ ಬೇಡ. ಪೈಪರಜಿನ್ ಮತ್ತು ಪೈರಾಂಟೆಲ್ ಒಂದರ ಕೆಲಸವನ್ನು ಇನ್ನೊಂದು ಕೆಡಿಸುತ್ತವೆ. ಅಂಗಡಿಯವರು ಇದನ್ನು ಹೇಳದೆ ಎರಡೂ ಮಾರಿದರೆ ಅದು ಅವರ ತಪ್ಪು.

ನನಗೆ ಎಲ್ಲಕ್ಕಿಂತ ಜಾಸ್ತಿ ಭಯ ಇರುವುದು ದನದ ಔಷಧಿಯ ಬಗ್ಗೆ. ಕೊಟ್ಟಿಗೆಯ ಗೂಡಿನಲ್ಲಿ ಐವರ್‌ಮೆಕ್ಟಿನ್ ಇಂಜೆಕ್ಷನ್ ಬಾಟಲಿ ಅರ್ಧ ಉಳಿದಿರುತ್ತದೆ. "ಹುಳಕ್ಕೂ ಆಗುತ್ತೆ, ಉಣ್ಣೆಗೂ ಆಗುತ್ತೆ" ಅಂತ ಅದನ್ನೇ ಮರಿಗೆ ಚುಚ್ಚುತ್ತಾರೆ, ಇಲ್ಲವೇ ಬಾಯಿಗೆ ಬಿಡುತ್ತಾರೆ. ಒಂದು ಲೆಕ್ಕ ನೋಡಿ. 1 ಪರ್ಸೆಂಟ್ ಇಂಜೆಕ್ಷನ್‌ನಲ್ಲಿ ಪ್ರತಿ ಮಿ.ಲೀ.ಗೆ 10 ಮಿ.ಗ್ರಾಂ ಔಷಧಿ ಇರುತ್ತದೆ. ದನಕ್ಕೆ 50 ಕೆ.ಜಿ.ಗೆ 1 ಮಿ.ಲೀ. ಎರಡು ಕೆ.ಜಿ. ಮರಿಗೆ "ಸ್ವಲ್ಪ" ಅಂತ ಅರ್ಧ ಮಿ.ಲೀ. ಹಾಕಿದರೆ 25 ಕೆ.ಜಿ. ಪ್ರಾಣಿಯ ಡೋಸು ಹೋಯಿತು. ಮರಿಯ ಕಣ್ಣಿನ ಪಾಪೆ ಅಗಲವಾಗುತ್ತದೆ, ಜೊಲ್ಲು ಸುರಿಯುತ್ತದೆ, ಹಿಂದಿನ ಕಾಲು ತೂರಾಡುತ್ತದೆ, ಕಣ್ಣು ಕಾಣದೆ ಗೋಡೆಗೆ ಢಿಕ್ಕಿ ಹೊಡೆಯುತ್ತದೆ, ಆಮೇಲೆ ಎಚ್ಚರ ತಪ್ಪುತ್ತದೆ. ಅದಕ್ಕೆ ಅಂತಲೇ ಮಾಡಿದ ಪ್ರತಿಮದ್ದು ಇಲ್ಲ. ಡ್ರಿಪ್ ಹಾಕಿ ಕಾಯಬೇಕು ಅಷ್ಟೇ. ಕಾಲಿ, ಶೆಲ್ಟಿಯಂಥ ಕುರಿ ಕಾಯುವ ವಿದೇಶಿ ಜಾತಿಗಳಲ್ಲಿ ಮತ್ತು ಅವುಗಳ ಮಿಶ್ರತಳಿಗಳಲ್ಲಿ ಹುಟ್ಟಿನಿಂದಲೇ ಒಂದು ದೋಷ ಇರುವುದುಂಟು. ಈ ಔಷಧಿ ಮಿದುಳಿಗೆ ಹೋಗದಂತೆ ತಡೆಯುವ ಬಾಗಿಲು ಅಂಥ ನಾಯಿಗಳಲ್ಲಿ ಸರಿಯಾಗಿ ಮುಚ್ಚುವುದಿಲ್ಲ. ಅವುಗಳಿಗೆ ಇನ್ನೂ ಕಡಿಮೆ ಸಾಕು ಅನಾಹುತಕ್ಕೆ. ಐವರ್‌ಮೆಕ್ಟಿನ್ ಕೆಟ್ಟ ಔಷಧಿ ಅಂತ ನಾನು ಹೇಳುತ್ತಿಲ್ಲ. ಅದನ್ನು ಕಂಡುಹಿಡಿದವರಿಗೆ 2015ರಲ್ಲಿ ನೊಬೆಲ್ ಬಂತು. ನಾಯಿಗೆ ಅದನ್ನು ಕೊಡಬೇಕೋ ಬೇಡವೋ, ಎಷ್ಟು ಅನ್ನುವುದನ್ನು ಡಾಕ್ಟರು ತೀರ್ಮಾನಿಸಲಿ.

ಕುರಿಗೆ ಕುಡಿಸುವ ಔಷಧಿಯೂ ಹಾಗೆಯೇ. ಅದರಲ್ಲಿ ಕ್ಲೋಸಾಂಟೆಲ್ ಇದ್ದರೆ, ಜಾಸ್ತಿಯಾದಾಗ ಕುರಿಗಳಿಗೇ ಕಣ್ಣು ಹೋಗುತ್ತದೆ. ದನದ ದೊಡ್ಡ ಗುಳಿಗೆಯನ್ನು ಕಲ್ಲಿನಲ್ಲಿ ಜಜ್ಜಿ ಒಂದು ಚೂರು ಹಾಕಿದರೆ ಆ ಚೂರಿನಲ್ಲಿ ಎಷ್ಟಿದೆ ಅಂತ ಯಾರಿಗೂ ಗೊತ್ತಾಗುವುದಿಲ್ಲ. ನನ್ನ ಅಂಗಡಿಯಲ್ಲಿ ಇವೆಲ್ಲವೂ ಇವೆ, ದನ ಕುರಿಗಳಿಗಾಗಿ ಇವೆ. ನಾಯಿಗೆ ಅಂತ ಗೊತ್ತಾದರೆ ನಾನು ಕೊಡುವುದಿಲ್ಲ. ಕೆಲವರು ಬೇಜಾರು ಮಾಡಿಕೊಂಡು ಹೋಗುತ್ತಾರೆ. ಹೋಗಲಿ.

ಇನ್ನೊಂದು ಈ ದಿನಗಳಲ್ಲೇ ಆಗುವಂಥದ್ದು. ಫೆಬ್ರವರಿ 10 ರಾಷ್ಟ್ರೀಯ ಜಂತುಹುಳು ನಿವಾರಣಾ ದಿನ. 2015ರಿಂದ ನಡೆಯುತ್ತಿದೆ. ಅಂಗನವಾಡಿ, ಶಾಲೆಗಳಲ್ಲಿ 1ರಿಂದ 19 ವರ್ಷದ ಮಕ್ಕಳಿಗೆ 400 ಮಿ.ಗ್ರಾಂ ಅಲ್‌ಬೆಂಡಜೋಲ್ ಮಾತ್ರೆ ಕೊಡುತ್ತಾರೆ, ಎರಡು ವರ್ಷದೊಳಗಿನವರಿಗೆ ಅರ್ಧ. ಒಳ್ಳೆಯ ಕೆಲಸ. ಮಕ್ಕಳಿಗೆ ತಪ್ಪದೆ ಕೊಡಿಸಿ. ಆದರೆ ಆ ಮಾತ್ರೆಯನ್ನು ಜೇಬಿನಲ್ಲಿಟ್ಟುಕೊಂಡು ಬಂದು ನಾಯಿಮರಿಗೆ ಹಾಕುವ ಮಕ್ಕಳಿದ್ದಾರೆ. ಪ್ರೀತಿಯಿಂದಲೇ ಹಾಕುತ್ತವೆ, ಪಾಪ. ಹೋದ ವರ್ಷ ಒಬ್ಬ ಹುಡುಗ ನನ್ನ ಮುಂದೆ ಬಂದು ನಿಂತು, ಮುಷ್ಟಿ ಬಿಚ್ಚಿ, ಬೆವರಿಗೆ ಅಂಚು ಕರಗಿದ್ದ ಮಾತ್ರೆ ತೋರಿಸಿ, "ಇದನ್ನ ಎಷ್ಟು ಮುರೀಬೇಕು ಆಂಟಿ?" ಅಂತ ಕೇಳಿದ. ಕೇಳಿದ್ದೇ ದೊಡ್ಡದು. ಅಲ್‌ಬೆಂಡಜೋಲ್ ನಾಯಿಗಳಲ್ಲಿ ಮೂಳೆಯ ಮಜ್ಜೆಗೆ ಪೆಟ್ಟು ಕೊಡಬಲ್ಲದು, ರಕ್ತ ತಯಾರಾಗುವುದೇ ಕುಂದಬಹುದು. ನಾಯಿಗೆಂದೇ ಮಾಡಿದ ಸುರಕ್ಷಿತ ಔಷಧಿ ಇರುವಾಗ ಅದು ಯಾಕೆ? ಅವನಿಗೆ ಹೇಳಿದೆ, ಇದು ನಿನ್ನದು, ನೀನು ಅಗಿದು ತಿನ್ನು, ನಿನ್ನ ಮರಿಯನ್ನು ತೂಕಕ್ಕೆ ಕರೆದುಕೊಂಡು ಬಾ. ಸಂಜೆ ಬುಟ್ಟಿಯಲ್ಲಿ ತಂದ. 1 ಕೆ.ಜಿ. 400 ಗ್ರಾಂ ಇತ್ತು.

ಮನೆಮದ್ದಿನ ಬಗ್ಗೆ ಹೇಳದಿದ್ದರೆ ತಪ್ಪಾಗುತ್ತದೆ. ನಮ್ಮ ಕಡೆ ಕೊಬ್ಬರಿ ತುರಿ, ಬೇವಿನ ರಸ, ಪರಂಗಿ ಬೀಜ ಹೇಳುತ್ತಾರೆ. ಕೊಬ್ಬರಿ ತುರಿಯಿಂದ ಸಾಯುವಂಥ ಹುಳವಲ್ಲ ಇದು. ಅದನ್ನು ನಂಬಿ ಎರಡು ವಾರ ಕಾದರೆ ಕೊಕ್ಕೆಹುಳು ಮರಿಯ ರಕ್ತ ಹೀರಿ ಮುಗಿಸಿರುತ್ತದೆ. ಬೆಳ್ಳುಳ್ಳಿ, ಈರುಳ್ಳಿ ನಾಯಿಯ ಕೆಂಪು ರಕ್ತಕಣಗಳನ್ನು ಒಡೆಯುತ್ತವೆ. ಮೊದಲೇ ರಕ್ತ ಕಮ್ಮಿ ಇರುವ ಮರಿಗೆ ಅದನ್ನು ಅರೆದು ಕುಡಿಸಬಾರದು. ಹೊಗೆಸೊಪ್ಪು, ಸೀಮೆಎಣ್ಣೆ ನೇರ ವಿಷ. ಹಿರಿಯರ ಮಾತಿನ ಮೇಲೆ ನನಗೆ ಗೌರವ ಇದೆ. ಅವರ ಕಾಲದಲ್ಲಿ ಕಡಿಮೆ ಬೆಲೆಗೆ ಸಿಗುವ ಸರಿಯಾದ ಔಷಧಿ ಇರಲಿಲ್ಲ. ಈಗ ಇದೆ.

ಕೊಡುವ ರೀತಿ ಹೇಳಿಬಿಡುತ್ತೇನೆ, ಇಲ್ಲೂ ತುಂಬಾ ಅನಾಹುತ ಆಗುತ್ತದೆ. ಸಿರಪ್ ಬಾಟಲಿಯನ್ನು ಚೆನ್ನಾಗಿ ಕುಲುಕಿ, ಔಷಧಿ ತಳದಲ್ಲಿ ಕೂತಿರುತ್ತದೆ. ಸೂಜಿ ತೆಗೆದ ಸಿರಿಂಜ್‌ನಲ್ಲಿ ಅಳೆದು ಎಳೆದುಕೊಳ್ಳಿ, ಚಮಚದ ಅಂದಾಜು ಬೇಡ. ಮರಿಯನ್ನು ತೊಡೆಯ ಮೇಲೆ ಹೊಟ್ಟೆ ಕೆಳಗಾಗಿ ಕೂರಿಸಿಕೊಳ್ಳಿ. ಮಗುವಿನ ಹಾಗೆ ಅಂಗಾತ ಮಲಗಿಸಬೇಡಿ. ತುಟಿಯ ಮೂಲೆಯಲ್ಲಿ, ಕೆನ್ನೆಗೂ ಹಲ್ಲಿಗೂ ನಡುವಿನ ಜಾಗಕ್ಕೆ ಸಿರಿಂಜ್ ತುದಿ ಇಟ್ಟು ಒಂದೊಂದೇ ಹನಿ ಬಿಡಿ. ಅದು ನಾಲಿಗೆ ಆಡಿಸಿ ನುಂಗಲಿ, ಆಮೇಲೆ ಮುಂದಿನ ಹನಿ. ಮೂಗು ಮುಚ್ಚಿ, ಮೂತಿ ಆಕಾಶಕ್ಕೆ ಎತ್ತಿ ಸುರಿದರೆ ಔಷಧಿ ಶ್ವಾಸಕೋಶಕ್ಕೆ ಹೋಗಿ ನ್ಯುಮೋನಿಯಾ ಆಗುತ್ತದೆ. ಹಾಗೆ ಹೋದ ಮರಿಗಳನ್ನು ಹುಳದಿಂದ ಸತ್ತವು ಅಂದುಕೊಂಡವರಿದ್ದಾರೆ. ದೊಡ್ಡ ನಾಯಿಯಾದರೆ ಮಾತ್ರೆಯನ್ನು ಒಂದು ತುತ್ತು ಮುದ್ದೆಯೊಳಗೆ ಹುದುಗಿಸಿ ಕೊಡಿ. ಮೊದಲು ಖಾಲಿ ತುತ್ತು ಒಂದು, ಆಮೇಲೆ ಮಾತ್ರೆಯದ್ದು, ತಕ್ಷಣ ಇನ್ನೊಂದು ಖಾಲಿ ತುತ್ತು ತೋರಿಸಿದರೆ ಆಸೆಗೆ ನುಂಗಿಬಿಡುತ್ತದೆ. ಮರಿಗಳು ಒಂದಕ್ಕಿಂತ ಜಾಸ್ತಿ ಇದ್ದರೆ ಒಂದೊಂದಕ್ಕೂ ಬೇರೆಯಾಗಿ ಕೊಡಿ. ತಟ್ಟೆಯ ಹಾಲಿಗೆ ಬೆರೆಸಿಟ್ಟರೆ ಜೋರಾದ ಮರಿ ಎಲ್ಲರದ್ದೂ ಕುಡಿಯುತ್ತದೆ, ಬಡಕಲು ಮರಿಗೆ ಏನೂ ಸಿಗುವುದಿಲ್ಲ.

ಒಂದೆರಡು ದಿನ ಮಲದಲ್ಲಿ ಶಾವಿಗೆಯಂಥ ಹುಳ ಬೀಳಬಹುದು, ಸ್ವಲ್ಪ ಭೇದಿ ಆಗಬಹುದು. ಹೆದರಬೇಡಿ. ಏನೂ ಬೀಳದಿದ್ದರೂ ಔಷಧಿ ಕೆಲಸ ಮಾಡಿಲ್ಲ ಅಂತಲ್ಲ. ಕೊಕ್ಕೆಹುಳು ಮಲದಲ್ಲಿ ಸುಲಭವಾಗಿ ಕಣ್ಣಿಗೆ ಬೀಳದಷ್ಟು ಸಣ್ಣ. ಮತ್ತೆ ಡೋಸು ಹಾಕಬೇಡಿ.

ಆದರೆ ಎಲ್ಲ ಮರಿಗೂ ಮನೆಯಲ್ಲೇ ಕೊಡುವಂತಿಲ್ಲ. ತುಟಿ ಎತ್ತಿ ವಸಡು ನೋಡಿ. ಗುಲಾಬಿ ಬಣ್ಣ ಇರಬೇಕು. ಸುಣ್ಣದ ಹಾಗೆ ಬಿಳಿಚಿಕೊಂಡಿದ್ದರೆ, ಮಲ ಡಾಂಬರಿನ ಹಾಗೆ ಕಪ್ಪಗಿದ್ದರೆ, ಹೊಟ್ಟೆ ಊದಿಕೊಂಡು ಮರಿ ಏಳದೆ ಬಿದ್ದಿದ್ದರೆ, ಅದು ಅಂಗಡಿಗಲ್ಲ, ಪಶು ಆಸ್ಪತ್ರೆಗೆ ಹೋಗಬೇಕಾದ ಮರಿ. ಕೊಕ್ಕೆಹುಳು ಜಾಸ್ತಿ ಇದ್ದರೆ ಮಲದಲ್ಲಿ ಮೊಟ್ಟೆ ಕಾಣಿಸಿಕೊಳ್ಳುವ ಮೊದಲೇ ಎಳೆ ಮರಿ ಸಾಯಬಹುದು.

ಪಾರ್ವೋ ವಿಷಯದಲ್ಲಂತೂ ಕೈಮುಗಿದು ಕೇಳಿಕೊಳ್ಳುತ್ತೇನೆ. ಎರಡು ಮೂರು ತಿಂಗಳ ಮರಿ ಊಟ ಬಿಟ್ಟು, ಮೇಲಿಂದ ಮೇಲೆ ವಾಂತಿ ಮಾಡಿ, ರಕ್ತ ಮಿಶ್ರಿತ, ತಡೆಯಲಾರದಷ್ಟು ನಾರುವ ಭೇದಿ ಮಾಡುತ್ತಿದ್ದರೆ "ಹುಳ ಜಾಸ್ತಿ ಆಗಿದೆ, ಮಾತ್ರೆ ಕೊಡಿ" ಅಂತ ಬರುತ್ತಾರೆ. ಅದು ಹುಳ ಅಲ್ಲದೇ ಇರಬಹುದು, ಪಾರ್ವೋ ವೈರಸ್ ಇರಬಹುದು. ಹುಳದ ಮಾತ್ರೆ ಹಾಕಿ ನಾಳೆ ನೋಡೋಣ ಅಂತ ಕೂತರೆ ನಾಳೆಗೆ ಮರಿ ಇರುವುದಿಲ್ಲ. ಅದಕ್ಕೆ ಬೇಕಾದದ್ದು ಡ್ರಿಪ್, ಅದೂ ಅವತ್ತೇ. ಇಂಥ ಮರಿ ತಂದವರಿಗೆ ನಾನು ಏನನ್ನೂ ಮಾರದೆ ಆಟೋ ಹತ್ತಿಸಿ ಆಸ್ಪತ್ರೆಗೆ ಕಳಿಸುತ್ತೇನೆ.

ಇದಕ್ಕೆ ವಿರುದ್ಧವಾದದ್ದೂ ಇದೆ. ಮುಧೋಳ ನಾಯಿ ತಂದು ಸಾಕಿದವರು ಒಬ್ಬರು ಎರಡೆರಡು ವಾರಕ್ಕೆ ಹುಳದ ಮಾತ್ರೆ ಕೇಳುತ್ತಿದ್ದರು. ಬೆಳೆದ ನಾಯಿ. ಪಕ್ಕೆಲುಬು ಕಾಣುತ್ತೆ, ಮೈ ಹಿಡಿಯುತ್ತಿಲ್ಲ ಅನ್ನುವುದು ಅವರ ಚಿಂತೆ. ನಾಯಿಯನ್ನು ಕರೆತರಲು ಹೇಳಿದೆ. ಕೂದಲು ಮಿರಮಿರ ಮಿಂಚುತ್ತಿತ್ತು, ವಸಡು ಗುಲಾಬಿ, ತೊಡೆ ಕಲ್ಲಿನಂತೆ ಗಟ್ಟಿ. ಆ ತಳಿ ಇರುವುದೇ ಹಾಗೆ, ಓಡುವ ನಾಯಿ, ಮೈಯಲ್ಲಿ ಕೊಬ್ಬು ಕಡಿಮೆ. ಮಾತ್ರೆಯಿಂದ ಅದು ದಪ್ಪ ಆಗುವುದಿಲ್ಲ. ಮಲ ಪರೀಕ್ಷೆ ಮಾಡಿಸಿ ಅಂದೆ, ಮಾಡಿಸಿದರು, ಏನೂ ಇರಲಿಲ್ಲ.

ಬಾಲದ ಬುಡದಲ್ಲಿ ಅಕ್ಕಿ ಕಾಳಿನಂಥದ್ದು ಅಂಟಿಕೊಂಡಿದ್ದರೆ ಅದು ಲಾಡಿಹುಳು. ಚಿಗಟ ನುಂಗಿದಾಗ ಬರುತ್ತದೆ. ಪ್ರಾಜಿಕ್ವಾಂಟೆಲ್ ಇರುವ ಮಾತ್ರೆ ಬೇಕು, ಬರೀ ಪೈರಾಂಟೆಲ್‌ಗೆ ಹೋಗುವುದಿಲ್ಲ. ಚಿಗಟ ಕಳೆಯದಿದ್ದರೆ ತಿಂಗಳಿಗೆ ಮತ್ತೆ ಹಾಜರು. ಹಾಸಿಗೆ ಬಟ್ಟೆ ಕುದಿಯುವ ನೀರಿಗೆ ಹಾಕಿ. ಮಟನ್ ಅಂಗಡಿಯವರಲ್ಲೂ ಒಂದು ಮನವಿ: ಕುರಿಯ ಈಲಿ, ಶ್ವಾಸಕೋಶದಲ್ಲಿ ನೀರು ತುಂಬಿದ ಗುಳ್ಳೆ ಕಂಡರೆ ಅದನ್ನು ನಾಯಿಗೆ ಎಸೆಯಬೇಡಿ, ಆಳವಾಗಿ ಹೂಳಿ. ಅದರಿಂದ ನಾಯಿಯಲ್ಲಿ ಬೆಳೆಯುವ ಲಾಡಿಹುಳು ಕೆಲವೇ ಮಿಲಿಮೀಟರ್ ಉದ್ದ, ಕಣ್ಣಿಗೆ ಬೀಳುವುದಿಲ್ಲ. ಅದರ ಮೊಟ್ಟೆ ಮನುಷ್ಯರ ಹೊಟ್ಟೆ ಸೇರಿದರೆ ನಮ್ಮ ಈಲಿಯಲ್ಲೂ ಅದೇ ಗುಳ್ಳೆ ಬೆಳೆಯುತ್ತದೆ.

ಮಕ್ಕಳಿರುವ ಮನೆಯಲ್ಲಿ ಇದು ನಾಯಿಯ ಆರೋಗ್ಯದ ಮಾತು ಮಾತ್ರ ಅಲ್ಲ. ದುಂಡುಹುಳುವಿನ ಮೊಟ್ಟೆ ಮಣ್ಣಿನಿಂದ ಮಗುವಿನ ಬಾಯಿಗೆ ಹೋದರೆ ಅದರ ಎಳೆ ಹುಳ ಈಲಿಗೆ, ಕೆಲವೊಮ್ಮೆ ಕಣ್ಣಿಗೆ ಹೋಗಿ ದೃಷ್ಟಿಯನ್ನೇ ಕೆಡಿಸಬಹುದು. ಸಮಾಧಾನದ ವಿಷಯ ಏನೆಂದರೆ, ಈಗಷ್ಟೇ ಬಿದ್ದ ಮಲದಲ್ಲಿರುವ ದುಂಡುಹುಳುವಿನ ಮೊಟ್ಟೆ ಅಂಟುವುದಿಲ್ಲ. ಮಣ್ಣಿನಲ್ಲಿ ಎರಡು ಮೂರು ವಾರ ಕಳೆದ ಮೇಲೆ ಅದಕ್ಕೆ ಆ ಶಕ್ತಿ ಬರುತ್ತದೆ, ಬಂದ ಮೇಲೆ ವರ್ಷಗಟ್ಟಲೆ ಇರುತ್ತದೆ. ಅಂದರೆ ಅಂಗಳದಲ್ಲಿ ಮರಿ ಮಾಡಿದ್ದನ್ನು ಅವತ್ತವತ್ತೇ ಎತ್ತಿ ಹೂತರೆ ಅರ್ಧ ಅಪಾಯ ಅಲ್ಲೇ ಮುಗಿಯಿತು. ಔಷಧಿ ಕೊಟ್ಟ ನಂತರದ ಕೆಲವು ದಿನ ಇದನ್ನು ತಪ್ಪಿಸಲೇಬಾರದು. ಮಕ್ಕಳು ಮರಿಯನ್ನು ಮುದ್ದಾಡಲಿ, ಊಟಕ್ಕೆ ಮುಂಚೆ ಸೋಪು ಹಾಕಿ ಕೈ ತೊಳೆಯಲಿ, ಅಷ್ಟು ಸಾಕು. ಮರಿಯನ್ನು ಊರಾಚೆ ಬಿಟ್ಟು ಬರುವ ಅಗತ್ಯ ಇಲ್ಲ.

ನಿಮ್ಮ ಪತ್ರಿಕೆಯ ಮೂಲಕ ಎರಡು ಕೋರಿಕೆ. ಫೆಬ್ರವರಿ 10ರಂದು ಶಾಲೆಗಳಲ್ಲಿ ಮಾತ್ರೆ ಕೊಡುವಾಗ ಶಿಕ್ಷಕರು ಒಂದು ನಿಮಿಷ ಮಕ್ಕಳಿಗೆ ಹೇಳಲಿ: ಈ ಮಾತ್ರೆ ನಿಮಗೆ, ನಾಯಿಗಲ್ಲ. ನಾಯಿಮರಿಗೆ ಬೇರೆ ಔಷಧಿ ಇದೆ, ಅದಕ್ಕೆ ತೂಕ ಬೇಕು. ಹಾಗೆಯೇ ಪಶು ಔಷಧಿ ಮಾರುವ ಎಲ್ಲ ಅಂಗಡಿಗಳಲ್ಲಿ, ಹಳ್ಳಿಯ ಪಶು ಚಿಕಿತ್ಸಾಲಯಗಳಲ್ಲಿ ಮರಿ ತೂಗುವ ಒಂದು ಸಣ್ಣ ಮಷಿನ್ ಇಡಬೇಕು. ಅದರ ಬೆಲೆ ದೊಡ್ಡದಲ್ಲ. ನಮ್ಮ ಅಂಗಡಿಯಲ್ಲಿ ಇದೆ. ಔಷಧಿಯನ್ನು ಬೇರೆ ಕಡೆ ಕೊಳ್ಳುವವರೂ ಮರಿಯನ್ನು ತಂದು ತೂಗಿಸಿಕೊಂಡು, ಚೀಟಿಯಲ್ಲಿ ಬರೆಸಿಕೊಂಡು ಹೋಗಬಹುದು. ಭಾನುವಾರ ಮಧ್ಯಾಹ್ನದವರೆಗೂ ಬಾಗಿಲು ತೆಗೆದಿರುತ್ತದೆ.

ಇತಿ,
ಪಶು ಔಷಧಿ ಅಂಗಡಿಯ ಒಬ್ಬ ಓದುಗಳು,
ತಿಪಟೂರು